ಗಿಡಮೂಲಿಕೆ ಸನ್‌ಸ್ಕ್ರೀನ್: ನಂಬುವ ಮುನ್ನ, ಮನೆಯಲ್ಲಿ ಮಾಡುವ ಮುನ್ನ

ತೆಂಗಿನೆಣ್ಣೆ ಸವರಿಕೊಂಡು ಗದ್ದೆಗಿಳಿದವರೂ ಕಂದುತ್ತಾರೆ, ಲೋಳೆಸರ ಬಳಿದುಕೊಂಡು ಸ್ಕೂಟರ್ ಓಡಿಸಿದವರೂ ಕಂದುತ್ತಾರೆ. ಇದರಲ್ಲಿ ಗಿಡದ ತಪ್ಪೇನೂ ಇಲ್ಲ. ಕಾವಲುಗಾರನ ಕೆಲಸವನ್ನು ಅಡುಗೆಯವನಿಗೆ ಒಪ್ಪಿಸಿದರೆ ಆಗುವುದೇ ಹೀಗೆ. ಬಿಸಿಲಿನಲ್ಲಿರುವ ಅತಿನೇರಳೆ ಕಿರಣವನ್ನು ಹೀರಿ ಅಥವಾ ಚದುರಿಸಿ ತಡೆಯುವುದು ಒಂದು ಕೆಲಸ. ಬಿಸಿಲು ತಾಗಿದ ಚರ್ಮದ ಉರಿ ಇಳಿಸುವುದು, ಒಣಗದಂತೆ ನೋಡಿಕೊಳ್ಳುವುದು, ಕಲೆ ಗಟ್ಟಿಯಾಗದಂತೆ ತಡೆಯುವುದು ಇನ್ನೊಂದು. ಗಿಡಮೂಲಿಕೆಗಳು ಎರಡನೆಯದರಲ್ಲಿ ಗಟ್ಟಿಗರು. ಮೊದಲನೆಯದಕ್ಕೆ ಜಿಂಕ್ ಆಕ್ಸೈಡ್‌ನಂಥ ಖನಿಜ ಬೇಕು (ಇಲ್ಲಿ ಸತು ಎಂದಲ್ಲೆಲ್ಲ ಅದೇ), ಇಲ್ಲವೇ ಪರೀಕ್ಷೆಗೊಳಗಾದ ರಾಸಾಯನಿಕ ಬೇಕು. ಇದಿಷ್ಟು ಮನಸ್ಸಿನಲ್ಲಿದ್ದರೆ ಡಬ್ಬಿ ಕೊಳ್ಳುವಾಗಲೂ ಮನೆಯಲ್ಲಿ ಮುಲಾಮು ಕಾಸುವಾಗಲೂ ಮೋಸ ಹೋಗುವುದಿಲ್ಲ.

ಯಾವ ಬಿಸಿಲು, ಎಷ್ಟು ಹೊತ್ತಿಗೆ

ನೆಲ ಮುಟ್ಟುವ ಅತಿನೇರಳೆ ಕಿರಣದಲ್ಲಿ ನೂರಕ್ಕೆ ಸುಮಾರು 95 ಪಾಲು ಯುವಿಎ, ಉಳಿದದ್ದು ಯುವಿಬಿ. ಯುವಿಬಿ ಮೇಲ್ಪದರವನ್ನು ಸುಡುತ್ತದೆ. ಕೆಂಪಾಗುವುದು, ಉರಿಯುವುದು, ಸಿಪ್ಪೆ ಏಳುವುದು ಹೆಚ್ಚಾಗಿ ಅದರಿಂದ. ಯುವಿಎ ಇನ್ನೂ ಆಳಕ್ಕಿಳಿಯುತ್ತದೆ. ಸುಕ್ಕು, ಕಂದು ಬಣ್ಣ, ಬಂಗು ಹೆಚ್ಚುವುದರಲ್ಲಿ ಅದರ ಪಾಲು ದೊಡ್ಡದು, ಆದರೆ ಉರಿಯಿಲ್ಲದ ಕಾರಣ ಗೊತ್ತಾಗುವುದೇ ಇಲ್ಲ. ಅದು ಗಾಜನ್ನೂ ದಾಟುತ್ತದೆ. ಕಾರಿನ ಮುಂದಿನ ಗಾಜು ಎರಡು ಪದರದ್ದು, ಬಹುಪಾಲು ತಡೆಯುತ್ತದೆ. ಪಕ್ಕದ ಗಾಜು ಹಾಗಲ್ಲ. ದಿನವಿಡೀ ಟ್ಯಾಕ್ಸಿ ಓಡಿಸುವವರ ಬಲಗೈ ಎಡಗೈಗಿಂತ ಕಪ್ಪಾಗುವುದು ಇದಕ್ಕೇ.

ಬೆಂಗಳೂರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ 24ರ ಆಸುಪಾಸಿನಲ್ಲಿ ಮತ್ತು ಆಗಸ್ಟ್ 18ರ ಹೊತ್ತಿಗೆ ಸೂರ್ಯ ಅಲ್ಲಿ ನೆತ್ತಿಯ ನೇರಕ್ಕೆ ಬರುತ್ತಾನೆ. ನೆಟ್ಟ ಕೋಲಿಗೆ ನೆರಳೇ ಇರದ ದಿನಗಳು ಅವು. ಊರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವುದರಿಂದ, ಹವೆ ತಂಪಾಗಿದ್ದರೂ ಅತಿನೇರಳೆ ಕಿರಣ ಕರಾವಳಿಗಿಂತ ಕಡಿಮೆಯಿಲ್ಲ. ಪ್ರತಿ 1000 ಮೀಟರ್ ಏರಿಕೆಗೆ ಅದು ನೂರಕ್ಕೆ ಸುಮಾರು 10ರಷ್ಟು ಹೆಚ್ಚುತ್ತದೆ. ಸೆಕೆಯಿಲ್ಲ ಎಂದು ಚಿಕ್ಕಮಗಳೂರಿನ ಬೆಟ್ಟದಲ್ಲಿ ಟೋಪಿ ತೆಗೆಯುವವರು ಮೋಸಹೋಗುವುದು ಇಲ್ಲಿಯೇ. ನಮ್ಮಲ್ಲಿ ವರ್ಷದ ಬಹುಪಾಲು ದಿನ ಬಿಸಿಲಿನ ತುತ್ತತುದಿ ಹನ್ನೆರಡು ಗಂಟೆಗಲ್ಲ, ಹನ್ನೆರಡೂ ಕಾಲು ದಾಟಿದ ಮೇಲೆ. ಫೋನು ನೋಡಬೇಕಿಲ್ಲ: ನಿಮ್ಮ ನೆರಳು ನಿಮ್ಮ ಎತ್ತರಕ್ಕಿಂತ ಗಿಡ್ಡವಾಗಿದ್ದರೆ ರಕ್ಷಣೆ ಬೇಕು. ತೆಳು ಮೋಡವಿದ್ದರೂ ಬೇಕು.

ಎಸ್‌ಪಿಎಫ್ ಎಂಬ ಅಂಕಿ ಮುಖ್ಯವಾಗಿ ಯುವಿಬಿಯ ಲೆಕ್ಕ. ಎಸ್‌ಪಿಎಫ್ 15 ಅದನ್ನು ನೂರಕ್ಕೆ 93ರಷ್ಟು ತಡೆಯುತ್ತದೆ, 30 ಆದರೆ 97, 50 ಆದರೆ 98. ಯುವಿಎ ತಡೆಯನ್ನು ಪಿಎ ಎಂಬ ಗುರುತಿನ ಮುಂದಿರುವ ಕೂಡು ಚಿಹ್ನೆಗಳು ಹೇಳುತ್ತವೆ, ನಾಲ್ಕಿದ್ದರೆ ಅತ್ಯಧಿಕ. ನಮ್ಮ ಕಂದು ಚರ್ಮಕ್ಕೆ ಬಿಸಿಲಿನ ಮುಖ್ಯ ತೊಂದರೆ ಸುಟ್ಟಗಾಯಕ್ಕಿಂತ ಹೆಚ್ಚಾಗಿ ಕಲೆ ಮತ್ತು ಬಂಗು. ಹಾಗಾಗಿ ನಮಗೆ ಈ ಎರಡನೇ ಗುರುತೂ ಎಸ್‌ಪಿಎಫ್‌ನಷ್ಟೇ ಮುಖ್ಯ.

ಎಣ್ಣೆಗಳ ಅಂಕಿ ಎಲ್ಲಿಂದ ಬಂತು

"ತೆಂಗಿನೆಣ್ಣೆಯಲ್ಲಿ ಎಸ್‌ಪಿಎಫ್ 7 ಇದೆ" ಎಂಬ ಮಾತು ಗಾಳಿಯಲ್ಲಿ ಹುಟ್ಟಿದ್ದಲ್ಲ. 2010ರಲ್ಲಿ ಪ್ರಕಟವಾದ ಒಂದು ಭಾರತೀಯ ಪ್ರಯೋಗದಲ್ಲಿ ತೆಂಗಿನೆಣ್ಣೆಗೆ 7ರ ಸುತ್ತ, ಆಲಿವ್ ಎಣ್ಣೆಗೆ ಏಳೂವರೆ, ಹರಳೆಣ್ಣೆಗೆ ಐದೂವರೆಯ ಮೇಲೆ, ಬಾದಾಮಿಗೆ ನಾಲ್ಕೂವರೆಯ ಮೇಲೆ, ಎಳ್ಳೆಣ್ಣೆಗೆ ಎರಡಕ್ಕಿಂತ ಕಡಿಮೆ ಅಂಕಿ ಸಿಕ್ಕಿತ್ತು. ಆದರೆ ಅಲ್ಲಿ ಎಣ್ಣೆಯನ್ನು ಆಲ್ಕೋಹಾಲ್‌ನಲ್ಲಿ ಬೆರೆಸಿ, ಪುಟ್ಟ ಕೊಳವೆಗೆ ಹಾಕಿ, ಬೆಳಕು ಎಷ್ಟು ದಾಟುತ್ತದೆ ಎಂದು ಯಂತ್ರದಲ್ಲಿ ಅಳೆದದ್ದು. ಬೆವರುವ ಮುಖದ ಮೇಲೆ ಸವರಿದ ತೆಳುಪದರದ ಕತೆ ಬೇರೆ. ಮನುಷ್ಯರ ಚರ್ಮದ ಮೇಲೆ ಮಾಡುವ ಎಸ್‌ಪಿಎಫ್ ಪರೀಕ್ಷೆಯಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚುತ್ತಾರೆ. ಅಷ್ಟು ಎಣ್ಣೆ ಮುಖಕ್ಕೆ ಹಾಕಿದರೆ ಗಲ್ಲದಿಂದ ತೊಟ್ಟಿಕ್ಕುತ್ತದೆ. ಮೇಲಾಗಿ ಆ ಅಂಕಿಯಲ್ಲಿ ಯುವಿಎ ಲೆಕ್ಕವೇ ಇಲ್ಲ. ಕ್ಯಾರೆಟ್ ಬೀಜದ ಎಣ್ಣೆಗೆ 38, 40 ಎಂದು ಹರಿದಾಡುವ ಸಂಖ್ಯೆಗಳನ್ನಂತೂ ಪೂರ್ತಿ ಮರೆತುಬಿಡಿ.

ಹಾಗೆಂದು ಗಿಡಗಳಲ್ಲಿ ಕಿರಣ ಹೀರುವ ವಸ್ತು ಇಲ್ಲವೆಂದಲ್ಲ. ಬಿಸಿಲಲ್ಲೇ ಬದುಕುವ ಗಿಡಕ್ಕೆ ತನ್ನ ರಕ್ಷಣೆ ಬೇಡವೇ? ಕಚ್ಚೂರ ಜಾತಿಯ ಕೇಂಪ್ಫೇರಿಯಾ ಗಲಂಗ ಗೆಡ್ಡೆಯಲ್ಲಿ ಎಥಿಲ್ ಮೆಥಾಕ್ಸಿ ಸಿನ್ನಮೇಟ್ ಎಂಬ ವಸ್ತುವಿದೆ. ಅಂಗಡಿ ಸನ್‌ಸ್ಕ್ರೀನ್‌ಗಳಲ್ಲಿ ಬಳಸುವ ಆಕ್ಟಿನಾಕ್ಸೇಟ್‌ನ ಹತ್ತಿರದ ನಂಟ. ಅಕ್ಕಿ ತೌಡಿನ ಎಣ್ಣೆಯಲ್ಲಿರುವ ಒರೈಜನಾಲ್ ಕೂಡ ಯುವಿಬಿ ಹೀರುತ್ತದೆ. ಮ್ಯಾನ್ಮಾರ್‌ನ ಹೆಂಗಸರು, ಮಕ್ಕಳು ಕೆನ್ನೆಗೆ ಬಳಿಯುವ ತನಾಕಾ ತೊಗಟೆಯನ್ನು ನಾವು ಶ್ರೀಗಂಧ ತೇಯುವಂತೆಯೇ ಸಾಣೆಕಲ್ಲಿನ ಮೇಲೆ ನೀರು ಹಾಕಿ ತೇಯುತ್ತಾರೆ. ಅದರಲ್ಲಿ ಯುವಿಎ ಹೀರುವ ಮಾರ್ಮೆಸಿನ್ ಇದೆ. ತೊಂದರೆ ಇರುವುದು ಪ್ರಮಾಣದಲ್ಲಿ. ಒಂದು ಗೆಡ್ಡೆಯಲ್ಲಿ ಎಷ್ಟಿದೆ, ತೇದ ಲೇಪದಲ್ಲಿ ಎಷ್ಟು ಉಳಿಯಿತು, ಒಣಗಿ ಬಿರುಕು ಬಿಟ್ಟ ಲೇಪದ ನಡುವೆ ಎಷ್ಟು ಚರ್ಮ ಬರಿದಾಗಿದೆ ಎಂಬುದನ್ನು ಮನೆಯಲ್ಲಿ ಅಳೆಯಲಾಗದು. ಜೊತೆಗೆ ಗ್ರಂಧಿಗೆ ಅಂಗಡಿಯಲ್ಲಿ ಕಚ್ಚೂರ ಎಂಬ ಒಂದೇ ಹೆಸರಿನಲ್ಲಿ ಎರಡು ಮೂರು ಬೇರೆ ಬೇರೆ ಗೆಡ್ಡೆಗಳು ಸಿಗುತ್ತವೆ.

ನಮ್ಮ ಕೈಗೆಟುಕುವ ಉಳಿದವುಗಳ ನಿಜವಾದ ಕೆಲಸ ಇಷ್ಟು. ಲೋಳೆಸರ ತಂಪು ಮಾಡುತ್ತದೆ, ತೇವ ಹಿಡಿಯುತ್ತದೆ. ಕಿರಣ ತಡೆಯುವುದು ಇಲ್ಲವೆನ್ನುವಷ್ಟು ಕಡಿಮೆ. ಹಸಿರು ಚಹಾದ ಪಾಲಿಫಿನಾಲ್‌ಗಳು ಮತ್ತು ದಾಳಿಂಬೆ ಸಿಪ್ಪೆಯ ಎಲ್ಲಾಜಿಕ್ ಆಮ್ಲ, ತಡೆ ತಪ್ಪಿಸಿಕೊಂಡು ಒಳನುಗ್ಗಿದ ಕಿರಣ ಮಾಡುವ ಹಾನಿಯನ್ನು ತಗ್ಗಿಸಲು ನೆರವಾಗುತ್ತವೆ. ಜ್ಯೇಷ್ಠಮಧುವಿನ ಗ್ಲಾಬ್ರಿಡಿನ್ ಕಪ್ಪು ಬಣ್ಣ ತಯಾರಿಸುವ ಕಿಣ್ವವನ್ನು ನಿಧಾನಗೊಳಿಸುತ್ತದೆ. ಲಾವಂಚ, ಶ್ರೀಗಂಧಗಳದ್ದು ತಂಪು ಮತ್ತು ಪರಿಮಳ. ಅರಿಶಿನದ ಕರ್ಕ್ಯುಮಿನ್ ಬಿಸಿಲಿಗೆ ತಾನೇ ಒಡೆದುಹೋಗುತ್ತದೆ. ಅರಿಶಿನ ಹಾಕಿ ಒಣಗಿಸಿದ ಬಟ್ಟೆಯ ಹಳದಿ ಮಾಸುವುದನ್ನು ನೋಡಿದವರಿಗೆ ಬೇರೆ ಸಾಕ್ಷಿ ಬೇಡ. ಅದು ರಾತ್ರಿಯ ಲೇಪಕ್ಕಿರಲಿ.

ಹಚ್ಚಿಕೊಂಡು ಬಿಸಿಲಿಗೆ ಹೋಗಲೇಬಾರದವು

ಕೆಲವು ಗಿಡಗಳು ರಕ್ಷಿಸುವುದು ಹಾಗಿರಲಿ, ಬಿಸಿಲಿನ ಜೊತೆ ಸೇರಿ ಚರ್ಮ ಸುಡುತ್ತವೆ. ಮೊದಲನೆಯದು ನಿಂಬೆ. "ನಿಂಬೆರಸ, ಜೇನು, ಕಡಲೆಹಿಟ್ಟು" ಎಂಬ ಲೇಪ ತೊಳೆದು ಹೊರಗೆ ಹೋದವರಿಗೆ, ನಿಂಬೆ ಹಿಂಡಿದ ಕೈಯಲ್ಲೇ ಬಿಸಿಲಿಗೆ ನಿಂತವರಿಗೆ ಒಂದೆರಡು ದಿನದಲ್ಲಿ ಕೆಂಪು, ಕೆಲವೊಮ್ಮೆ ಬೊಬ್ಬೆ ಏಳುತ್ತದೆ. ಅದು ಜೋರಾಗುವುದು 48ರಿಂದ 72 ಗಂಟೆಗೆ. ಆಮೇಲೆ ರಸ ಹರಿದ ಗೆರೆಯ ಆಕಾರದಲ್ಲೇ ಕಂದು ಕಲೆ ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ನಿಲ್ಲುತ್ತದೆ. ಎರಡು ದಿನ ತಡವಾಗಿ ಬರುವ ಕಾರಣ ಯಾರೂ ನಿಂಬೆಯನ್ನು ಅನುಮಾನಿಸುವುದಿಲ್ಲ. ಕಾರಣ ಸಿಪ್ಪೆ, ರಸಗಳಲ್ಲಿರುವ ಫ್ಯೂರನೋಕೂಮರಿನ್ ಎಂಬ ವಸ್ತುಗಳು. ಯುವಿಎ ತಾಗಿದೊಡನೆ ಅವು ಜೀವಕೋಶಕ್ಕೆ ಏಟು ಕೊಡುತ್ತವೆ. ಅಂಜೂರದ ಹಾಲು, ಕಿತ್ತಳೆ ಜಾತಿಯ ಬರ್ಗಮಾಟ್ ಹಣ್ಣಿನ ಎಣ್ಣೆ ಇದೇ ಗುಂಪಿನವು.

ಅತ್ಯಂತ ಎಚ್ಚರ ಬೇಕಾದದ್ದು ಬಾವಂಚಿ, ಸಂಸ್ಕೃತದ ಬಾಕುಚಿ. ತೊನ್ನಿಗೆ ಅದನ್ನು ಬಳಸುವುದೇ ಅದರಲ್ಲಿನ ಸೋರಾಲೆನ್ ಬಿಸಿಲಿನೊಂದಿಗೆ ಕೆಲಸ ಮಾಡಿ ಬಣ್ಣ ಬರಿಸಲಿ ಎಂದು. ಅದು ವೈದ್ಯರ ಅಳತೆಯಲ್ಲಿ ನಡೆಯಬೇಕಾದ ಚಿಕಿತ್ಸೆ. ಈಚೆಗೆ ಬಾಕುಚಿಯಾಲ್ ಎಂಬ ಶುದ್ಧೀಕರಿಸಿದ ವಸ್ತು ಕ್ರೀಮುಗಳಲ್ಲಿ ಜನಪ್ರಿಯ. ಅದೇ ಇದು ಎಂದು ಬಾವಂಚಿ ಎಣ್ಣೆ ತಂದು ಮುಖಕ್ಕೆ ಹಚ್ಚಿ ಮಧ್ಯಾಹ್ನ ಹೊರಟರೆ ಬೊಬ್ಬೆ ಏಳಬಹುದು. ಹೆಸರು ಹತ್ತಿರವಿದ್ದರೂ ವಸ್ತು ಬೇರೆ.

ಡಬ್ಬಿಯ ಹಿಂಬದಿ ಓದುವುದು

ಮುಂಬದಿಯ ಎಲೆ, ಹೂವಿನ ಚಿತ್ರಗಳನ್ನು ಬಿಡಿ. ಹಿಂದಿನ ಪಟ್ಟಿಯಲ್ಲಿ ಹೆಚ್ಚು ಪ್ರಮಾಣದ್ದು ಮೊದಲು, ಕಡಿಮೆಯದು ಕೊನೆಗೆ ಇರುತ್ತದೆ. ಅದರಲ್ಲಿ ಹುಡುಕಬೇಕಾದದ್ದು ಜಿಂಕ್ ಆಕ್ಸೈಡ್, ಟೈಟಾನಿಯಂ ಡೈಆಕ್ಸೈಡ್, ಎಥಿಲ್‌ಹೆಕ್ಸಿಲ್ ಮೆಥಾಕ್ಸಿಸಿನ್ನಮೇಟ್ (ಮೇಲೆ ಹೇಳಿದ ಆಕ್ಟಿನಾಕ್ಸೇಟ್ ಇದೇ), ಅವೊಬೆಂಜೋನ್ ಮುಂತಾದ ಹೆಸರು. ಅವೊಬೆಂಜೋನನ್ನು ಬ್ಯುಟೈಲ್ ಮೆಥಾಕ್ಸಿಡೈಬೆಂಜಾಯ್ಲ್‌ಮೀಥೇನ್ ಎಂದು ಉದ್ದಕ್ಕೆ ಬರೆದಿರುತ್ತಾರೆ. 'ಹರ್ಬಲ್' ಎಂದು ಮಾರುವ, ಎಸ್‌ಪಿಎಫ್ 30 ಇರುವ ಡಬ್ಬಿಯಲ್ಲಿ ಇಂಥ ಒಂದಾದರೂ ಹೆಸರು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಇರುವುದು ತಪ್ಪಲ್ಲ, ಅದೇ ಕೆಲಸ ಮಾಡುತ್ತಿರುವುದು. ಗಿಡದ ಹೆಸರುಗಳಷ್ಟೇ ಇದ್ದು ಎಸ್‌ಪಿಎಫ್ 40 ಎಂದು ಬರೆದಿದ್ದರೆ ಕೆಳಗಿಟ್ಟು ಬನ್ನಿ. ಸಿನ್ನಮೇಟ್ ಎಂಬುದನ್ನು ಓದಿ ಚಕ್ಕೆಯಿಂದ ತೆಗೆದದ್ದು ಎಂದುಕೊಳ್ಳಬೇಡಿ. ಅದು ಕಾರ್ಖಾನೆಯಲ್ಲಿ ತಯಾರಾದದ್ದೇ.

ಇನ್ನೊಂದು ಸೂಕ್ಷ್ಮ: ಅವೊಬೆಂಜೋನ್ ಮತ್ತು ಆ ಮೆಥಾಕ್ಸಿಸಿನ್ನಮೇಟ್ ಒಂದೇ ಡಬ್ಬಿಯಲ್ಲಿದ್ದು, ಅವನ್ನು ಸ್ಥಿರಗೊಳಿಸುವ ಆಕ್ಟೊಕ್ರಿಲೀನ್‌ನಂಥದ್ದು ಇಲ್ಲದಿದ್ದರೆ ಬಿಸಿಲಲ್ಲಿ ಎರಡೂ ಬೇಗ ಸವೆಯುತ್ತವೆ. ಸೂಕ್ಷ್ಮ ಚರ್ಮದವರು, ಬಸುರಿಯರು, ಮಕ್ಕಳು ಖನಿಜದ್ದನ್ನೇ ಆರಿಸಿಕೊಳ್ಳುವುದು ಸರಳ. ಬಂಗು ಇರುವವರು ಪಟ್ಟಿಯಲ್ಲಿ ಐರನ್ ಆಕ್ಸೈಡ್ ಇದೆಯೇ ನೋಡಿ. ಬಂಗನ್ನು ಕೆದಕುವ ಕಣ್ಣಿಗೆ ಕಾಣುವ ಬೆಳಕನ್ನೂ ಅದು ತಡೆಯುತ್ತದೆ, ಬಿಳಿ ಬಣ್ಣ ಬಳಿದಂತೆ ಕಾಣುವುದನ್ನೂ ತಪ್ಪಿಸುತ್ತದೆ. ಉತ್ಪಾದನಾ ಲೈಸೆನ್ಸ್ ಸಂಖ್ಯೆ, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನಾಂಕ ಇಲ್ಲದ್ದನ್ನು ಯಾರ ಮನೆಯಲ್ಲಿ ಮಾಡಿದ್ದಾದರೂ ಕೊಳ್ಳಬೇಡಿ. ಕ್ಯಾಲಮೈನ್ ಲೋಷನ್‌ನಲ್ಲಿ ಸತು ಇದೆ ನಿಜ, ಆದರೆ ಅದು ತುರಿಕೆಗೆ, ಬಿಸಿಲಿಗೆ ಪರೀಕ್ಷಿಸಿದ್ದಲ್ಲ.

ಮನೆಯಲ್ಲಿ ಕಾಸುವುದಾದರೆ: ಮುರುಗಲ ತುಪ್ಪದ ಸತು ಮುಲಾಮು

ಮನೆಯಲ್ಲಿ ಮಾಡಿದ್ದಕ್ಕೆ ಎಸ್‌ಪಿಎಫ್ ಅಂಕಿ ಹಾಕುವ ದಾರಿಯಿಲ್ಲ. ಒಂದೇ ಅಳತೆಯಲ್ಲಿ ಮಾಡಿದ ಎರಡು ಡಬ್ಬಿಗಳೂ ಸತು ಹರಡಿದ ರೀತಿಯ ಮೇಲೆ ಬೇರೆ ಬೇರೆಯಾಗಬಹುದು. ಆದ್ದರಿಂದ ಇದು ಮೂಗಿನ ತುದಿ, ಕೆನ್ನೆಮೂಳೆ, ಕಿವಿಯಂಚು, ತುಟಿಗೆ, ಅರ್ಧ ಗಂಟೆಯ ಓಡಾಟಕ್ಕೆ. ಇಡೀ ದಿನ ಹೊಲ, ಕಟ್ಟಡದ ಕೆಲಸ, ಕ್ರಿಕೆಟ್, ಸಮುದ್ರತೀರ ಎಂದಾದರೆ ಪರೀಕ್ಷೆಗೊಳಗಾದ ಎಸ್‌ಪಿಎಫ್ 30ರ ಮೇಲಿನದು ಮತ್ತು ಬಟ್ಟೆ.

ನೀರು ಸೇರದ ಮುಲಾಮನ್ನೇ ಮಾಡಬೇಕು. ಲೋಳೆಸರ, ಗುಲಾಬಿ ನೀರು, ಸೌತೆ ರಸ ಏನೇ ಸೇರಿಸಿದರೂ ಸಂರಕ್ಷಕವಿಲ್ಲದೆ ಕೆಲವೇ ದಿನದಲ್ಲಿ ಬೂಷ್ಟು, ಬ್ಯಾಕ್ಟೀರಿಯಾ ಬೆಳೆಯುತ್ತದೆ. ಕಣ್ಣಿಗೆ ಕಾಣುವ ಮೊದಲೇ ಬೆಳೆದಿರುತ್ತದೆ.

50 ಗ್ರಾಂ ಮುಲಾಮಿಗೆ ಬೇಕಾದದ್ದು:

ತೆಂಗಿನೆಣ್ಣೆ 17 ಗ್ರಾಂ
ಅಕ್ಕಿ ತೌಡಿನ ಎಣ್ಣೆ 7.5 ಗ್ರಾಂ
ಮುರುಗಲ ತುಪ್ಪ 9 ಗ್ರಾಂ
ಜೇನುಮೇಣ 6 ಗ್ರಾಂ
ಜಿಂಕ್ ಆಕ್ಸೈಡ್ 10 ಗ್ರಾಂ
ವಿಟಮಿನ್ ಇ ಎಣ್ಣೆ ಅರ್ಧ ಗ್ರಾಂ

ಎಲ್ಲವೂ ತೂಕ, ಚಮಚದ ಲೆಕ್ಕವಲ್ಲ. ಜಿಂಕ್ ಆಕ್ಸೈಡ್ ಪುಡಿ ಹಗುರಾಗಿ ಉಬ್ಬಿಕೊಂಡಿರುತ್ತದೆ. ಅಲುಗಾಡಿಸಿದ ಚಮಚಕ್ಕೂ ಅಲುಗಾಡಿಸದ ಚಮಚಕ್ಕೂ ದುಪ್ಪಟ್ಟು ವ್ಯತ್ಯಾಸ ಬರಬಹುದು. ಚಿನ್ನದಂಗಡಿಯವರು ಬಳಸುವಂಥ, 0.1 ಗ್ರಾಂ ತೋರಿಸುವ ಪುಟ್ಟ ತಕ್ಕಡಿ ಬೇಕು.

ಮುರುಗಲ ತುಪ್ಪ ಎಂದರೆ ಉತ್ತರ ಕನ್ನಡದ ಕಡೆ ಮುರುಗಲ ಬೀಜದಿಂದ ತೆಗೆಯುವ ಗಟ್ಟಿ ಕೊಬ್ಬು. ದಕ್ಷಿಣ ಕನ್ನಡದವರ ಪುನರ್ಪುಳಿಯೂ ಇದೇ ಗಿಡ. ಒಡೆದ ಹಿಮ್ಮಡಿಗೆ ಹಿಂದಿನಿಂದಲೂ ಬಳಸುತ್ತಾರೆ. ತೆಂಗಿನೆಣ್ಣೆ 24 ಡಿಗ್ರಿಗೇ ಕರಗಿ ನೀರಾದರೆ ಇದು 38 ಡಿಗ್ರಿಯ ಮೇಲೆ ಕರಗುತ್ತದೆ, ಜೇನುಮೇಣವೂ ಜೊತೆಗಿರುವುದರಿಂದ ರಾಯಚೂರಿನ ಮೇ ತಿಂಗಳಲ್ಲೂ ಮುಲಾಮು ಸಾಕಷ್ಟು ಮೈ ಹಿಡಿದಿರುತ್ತದೆ. ಅಲ್ಲಿ ಜೇನುಮೇಣವನ್ನು ಒಂದು ಗ್ರಾಂ ಹೆಚ್ಚಿಸಿ ತೆಂಗಿನೆಣ್ಣೆಯನ್ನು ಒಂದು ಗ್ರಾಂ ಇಳಿಸಿ. ಮಡಿಕೇರಿಯ ಚಳಿಗೆ ಇದನ್ನೇ ತಿರುವುಮುರುವು ಮಾಡಿ.

ಜಿಂಕ್ ಆಕ್ಸೈಡ್ ಐ.ಪಿ. (ಇಂಡಿಯನ್ ಫಾರ್ಮಕೋಪಿಯಾ, ಅಂದರೆ ಔಷಧದ) ದರ್ಜೆಯದು ಅಥವಾ ಸೌಂದರ್ಯವರ್ಧಕ ದರ್ಜೆಯದೇ ಆಗಿರಬೇಕು. ಪೇಂಟ್, ರಬ್ಬರಿಗೆ ಬಳಸುವ ಅಗ್ಗದ ದರ್ಜೆಯಲ್ಲಿ ಸೀಸ, ಕ್ಯಾಡ್ಮಿಯಂ ಇರಬಹುದು. ಗೊಬ್ಬರದಂಗಡಿಯ ಜಿಂಕ್ ಸಲ್ಫೇಟ್ ಬೇರೆಯೇ ವಸ್ತು, ಚರ್ಮ ಉರಿಸುತ್ತದೆ. ಆಯುರ್ವೇದದ ಯಶದ ಭಸ್ಮ, ಅಂದರೆ ಸತುವಿನ ಭಸ್ಮವೂ ರಾಸಾಯನಿಕವಾಗಿ ಬಹುಪಾಲು ಇದೇ ಆದರೂ ಅದು ಹೊಟ್ಟೆಗೆ ಕೊಡುವ ಔಷಧ. ಮುಖಕ್ಕೆ ತಂದು ಸುರಿಯುವಷ್ಟು ಅಗ್ಗವೂ ಅಲ್ಲ.

ಪುಡಿ ತೂಗುವಾಗ ಫ್ಯಾನ್ ಆರಿಸಿ, ಮೂಗಿಗೆ ಮಾಸ್ಕ್ ಹಾಕಿ. ಹತ್ತು ಗ್ರಾಂ ಪುಡಿಗೆ ತೌಡಿನ ಎಣ್ಣೆಯನ್ನೂ ಸ್ವಲ್ಪ ತೆಂಗಿನೆಣ್ಣೆಯನ್ನೂ ಬಿಟ್ಟು ಕಲ್ವದಲ್ಲಿ ಹತ್ತು ಹದಿನೈದು ನಿಮಿಷ ಅರೆಯಿರಿ. ಮುಲಾಮಿನ ಹಣೆಬರಹ ಇರುವುದೇ ಇಲ್ಲಿ. ಸತುವಿನ ಕಣಗಳು ಗುಂಪುಗಟ್ಟುತ್ತವೆ. ಗುಂಪುಗಟ್ಟಿದ ಕಡೆ ಬಿಳಿ ಚುಕ್ಕೆ, ಉಳಿದ ಕಡೆ ಬರೀ ಎಣ್ಣೆ, ಅಲ್ಲಿ ರಕ್ಷಣೆ ಸೊನ್ನೆ. ಎರಡು ಬೆರಳ ನಡುವೆ ಉಜ್ಜಿದರೆ ಮರಳಿನಂತೆ ಏನೂ ಸಿಗಬಾರದು. ಮಿಕ್ಸಿಗೆ ಹಾಕಬೇಡಿ: ಗಾಳಿ ಸೇರುತ್ತದೆ, ಅರ್ಧ ಜಾರಿಗೇ ಅಂಟಿಕೊಳ್ಳುತ್ತದೆ, ಮತ್ತೆ ಆ ಜಾರಿನಲ್ಲಿ ಚಟ್ನಿ ರುಬ್ಬುವಂತಿಲ್ಲ.

ಪಾತ್ರೆಯಲ್ಲಿ ನೀರು ಕಾಯಿಸಿ ಅದರೊಳಗೆ ಒಣ ಸ್ಟೀಲ್ ಬಟ್ಟಲಿಡಿ. ಮೊದಲು ಮೇಣ, ಅದು ಕರಗಲು 62ರಿಂದ 64 ಡಿಗ್ರಿ ಬೇಕು. ಜೊತೆಗೆ ಉಳಿದ ತೆಂಗಿನೆಣ್ಣೆ. ಮೇಣ ಪೂರ್ತಿ ಕರಗಿದ ಮೇಲೆ ಮುರುಗಲ ತುಪ್ಪ. ಬಟ್ಟಲು ಹೊರತೆಗೆದು ಅರೆದ ಸತುವನ್ನು ಕೊಂಚ ಕೊಂಚವೇ ಸೇರಿಸಿ ಕದಡುತ್ತಿರಿ, ಕೊನೆಗೆ ವಿಟಮಿನ್ ಇ. ಈಗ ಡಬ್ಬಿಗೆ ಸುರಿದುಬಿಡುವುದು ಎಲ್ಲರೂ ಮಾಡುವ ತಪ್ಪು. ಜಿಂಕ್ ಆಕ್ಸೈಡ್ ನೀರಿಗಿಂತ ಐದು ಪಟ್ಟಿಗೂ ಹೆಚ್ಚು ಭಾರ. ಬಿಸಿ ಎಣ್ಣೆಯಲ್ಲಿ ಕೆಳಗಿಳಿದು ತಳದಲ್ಲಿ ಗಟ್ಟಿಯಾಗುತ್ತದೆ, ಮೇಲೆ ಬರೀ ಮೇಣ ನಿಲ್ಲುತ್ತದೆ. ಬಟ್ಟಲನ್ನು ತಣ್ಣೀರಿನ ತಟ್ಟೆಯಲ್ಲಿಟ್ಟು, ದೋಸೆಹಿಟ್ಟಿನ ಹದಕ್ಕಿಂತ ಗಟ್ಟಿಯಾಗುವವರೆಗೆ ತಳ ಕೆರೆಯುತ್ತ ಕಲಸಿ, ಆಮೇಲೆ ಸುರಿಯಿರಿ. ಬೇಗ ತಣಿಸುವುದರಿಂದ ಮುರುಗಲ ತುಪ್ಪ ರವೆರವೆಯಾಗುವುದೂ ತಪ್ಪುತ್ತದೆ. ರವೆಯಾಗಿದ್ದರೆ ಮತ್ತೆ ಕರಗಿಸಿ ಇದನ್ನೇ ಮಾಡಿ.

ಬಣ್ಣ ಸೇರಿಸಬೇಕೆಂದಿದ್ದರೆ ಸೌಂದರ್ಯವರ್ಧಕ ದರ್ಜೆಯ ಐರನ್ ಆಕ್ಸೈಡ್: ಹಳದಿ ಎರಡು ಪಾಲು, ಕೆಂಪು ಒಂದು ಪಾಲು, ಕಪ್ಪು ಒಂದು ಚಿಟಿಕೆ, ಎಲ್ಲ ಸೇರಿ ಒಂದರಿಂದ ಒಂದೂವರೆ ಗ್ರಾಂ, ಅಷ್ಟೇ ತೂಕದ ತೆಂಗಿನೆಣ್ಣೆ ಕಡಿಮೆ ಮಾಡಿ. ಸತುವಿನ ಜೊತೆಗೇ ಅರೆಯಿರಿ. ಕಾವಿಮಣ್ಣೂ ಕಬ್ಬಿಣದ ಆಕ್ಸೈಡೇ ಅಲ್ಲವೇ ಎಂದು ಕೇಳುವವರಿದ್ದಾರೆ. ಹೌದು, ಆದರೆ ಅದರ ಜೊತೆ ನೆಲದ ಬೇರೆ ಲೋಹಗಳೂ ಇರಬಹುದು. ಅದು ರಂಗೋಲಿಗೇ ಇರಲಿ. ರಕ್ತಚಂದನದ ಪುಡಿ ಎಣ್ಣೆಯಲ್ಲಿ ಚೆನ್ನಾಗಿ ಕರಗುವುದಿಲ್ಲ, ಮುಖದ ಮೇಲೆ ಮರಳಿನಂತೆ ಉಳಿಯುತ್ತದೆ, ಮಾರುಕಟ್ಟೆಯಲ್ಲಿ ಬಣ್ಣ ಹಾಕಿದ ಮರದ ಹೊಟ್ಟೂ ಅದೇ ಹೆಸರಿನಲ್ಲಿ ಸಿಗುತ್ತದೆ. ಪರಿಮಳಕ್ಕೆಂದು ನಿಂಬೆ, ಕಿತ್ತಳೆ ಸಿಪ್ಪೆಯ ಎಣ್ಣೆ ಹಾಕಬೇಡಿ. ಕಾರಣ ಮೇಲೆ ಹೇಳಿದೆ.

ಒಣ ಬೆರಳಿನಿಂದಲೇ ತೆಗೆದರೆ, ನೆರಳಲ್ಲಿಟ್ಟರೆ ಮೂರ್ನಾಲ್ಕು ತಿಂಗಳು ಬರುತ್ತದೆ. ಹಳೆಯ ಕೊಬ್ಬರಿಯ ಕಮಟು ವಾಸನೆ ಬಂದರೆ ಎಸೆಯಿರಿ. ಬಳಸುವ ಮೊದಲು ಮೊಣಕೈ ಒಳಬದಿಗೆ ಕಾಳಿನಷ್ಟು ಹಚ್ಚಿ ಎರಡು ದಿನ ನೋಡಿ. ಮೊಡವೆ ಏಳುವ ಮುಖಕ್ಕೆ ಇದು ಹೊಂದುವುದಿಲ್ಲ. ತೆಂಗಿನೆಣ್ಣೆ ರಂಧ್ರ ಕಟ್ಟುತ್ತದೆ. ಅವರಿಗೆ ಅಂಗಡಿಯ ಜೆಲ್ ರೂಪದ್ದೇ ವಾಸಿ.

ನೋಟು, ಟಾರ್ಚು, ಪ್ಲಾಸ್ಟಿಕ್ಕು

ಮುಲಾಮು ಏನಾದರೂ ತಡೆಯುತ್ತಿದೆಯೇ ಎಂದು ಸ್ಥೂಲವಾಗಿ ನೋಡಲು ದಾರಿಯಿದೆ. ನಮ್ಮ 500 ರೂಪಾಯಿ ನೋಟಿನ ಸಂಖ್ಯೆ, ಅದರೊಳಗಿನ ಎಳೆಗಳು ಅತಿನೇರಳೆ ಬೆಳಕಿಗೆ ಹೊಳೆಯುತ್ತವೆ. 365 ನ್ಯಾನೋಮೀಟರಿನ ಟಾರ್ಚು ತನ್ನಿ. ಅಗ್ಗದ ನೇರಳೆ ಟಾರ್ಚುಗಳು ಹೆಚ್ಚಾಗಿ 395ರವು. ಸತು ಕಿರಣ ಹೀರುವುದು 375ರ ಸುಮಾರಿಗೇ ನಿಲ್ಲುವುದರಿಂದ ಒಳ್ಳೆಯ ಮುಲಾಮೂ ಅದರಲ್ಲಿ ಸೋತಂತೆ ಕಾಣುತ್ತದೆ. ಕತ್ತಲ ಕೋಣೆಯಲ್ಲಿ ನೋಟಿನ ಮೇಲೆ ತೆಳು ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಇಟ್ಟು, ಮೊದಲು ಬರೀ ಹಾಳೆಯಲ್ಲಿ ಹೊಳಪು ಕಾಣುತ್ತದೆಯೇ ಖಚಿತಪಡಿಸಿಕೊಳ್ಳಿ. ಆಮೇಲೆ ಹಾಳೆಯ ಒಂದು ಕಡೆ ತೆಂಗಿನೆಣ್ಣೆ, ಇನ್ನೊಂದು ಕಡೆ ಲೋಳೆಸರ, ಮತ್ತೊಂದು ಕಡೆ ಮುಲಾಮು ತೆಳ್ಳಗೆ ಸವರಿ. ಎಣ್ಣೆಯ ಕೆಳಗೆ ಸಂಖ್ಯೆ ಹಾಗೇ ಹೊಳೆಯುತ್ತದೆ, ಮುಲಾಮಿನ ಕೆಳಗೆ ಮಂಕಾಗುತ್ತದೆ. ಮುಲಾಮಿನ ನಡುವೆ ಹೊಳೆಯುವ ಚುಕ್ಕೆಗಳು ಕಂಡರೆ ಸತು ಸರಿಯಾಗಿ ಅರೆದಿಲ್ಲವೆಂದು ಅರ್ಥ. ಇದು ಯುವಿಎಯ ಒಂದು ತುಣುಕಿನ ಪರೀಕ್ಷೆ ಅಷ್ಟೇ, ಎಸ್‌ಪಿಎಫ್ ಅಲ್ಲ. ಟಾರ್ಚಿನತ್ತ ಕಣ್ಣಿಟ್ಟು ನೋಡಬೇಡಿ, ಮಕ್ಕಳ ಕೈಗೂ ಕೊಡಬೇಡಿ.

ಹಚ್ಚುವ ಕ್ರಮ

ಒಳ್ಳೆಯ ಡಬ್ಬಿಯನ್ನೂ ಹಾಳುಮಾಡುವುದು ಜಿಪುಣತನ. ಮುಖ, ಕುತ್ತಿಗೆಗೆ ತೋರುಬೆರಳು ಮತ್ತು ನಡುಬೆರಳಿನ ಉದ್ದಕ್ಕೂ ಹಿಂಡಿದಷ್ಟು ಬೇಕು. ತೂಕದಲ್ಲಿ ಸುಮಾರು ಒಂದೂವರೆ ಗ್ರಾಂ. ದಿನಕ್ಕೆ ಎರಡು ಸಲ ಹಚ್ಚುವವರಿಗೆ 50 ಗ್ರಾಂ ಡಬ್ಬಿ ಎರಡು ಮೂರು ವಾರಕ್ಕೆ ಮುಗಿಯಬೇಕು. ನಿಮ್ಮದು ನಾಲ್ಕು ತಿಂಗಳು ಬಂದಿದ್ದರೆ ಡಬ್ಬಿಯ ಮೇಲಿನ ಅಂಕಿ ನಿಮ್ಮ ಮುಖಕ್ಕೆ ಅನ್ವಯಿಸುವುದಿಲ್ಲ.

ಹಸಿರು ಚಹಾ ಬಳಸುವವರು ಅದನ್ನು ಮೊದಲ ಪದರವಾಗಿ ಹಚ್ಚಿ. ಎರಡು ಗ್ರಾಂ ಎಲೆಗೆ 100 ಮಿಲಿ ನೀರು. ಕುದಿಸಿ ಎರಡು ಮೂರು ನಿಮಿಷ ಆರಿದ ನೀರನ್ನು ಹಾಕಿ, ಹತ್ತು ನಿಮಿಷ ಬಿಟ್ಟು ಸೋಸಿ, ಪೂರ್ತಿ ತಣಿದ ಮೇಲೆ ಹತ್ತಿಯಿಂದ ಮುಖಕ್ಕೆ ಒತ್ತಿ, ಒಣಗಲು ಬಿಡಿ. ಅಂದಂದಿಗೆ ಮಾಡಿಕೊಳ್ಳಿ, ಕಂದು ತಿರುಗಿದರೆ ಸತ್ವ ಹೋಯಿತು. ಅದರ ಮೇಲೆ ಸನ್‌ಸ್ಕ್ರೀನ್, ಹೊರಡುವ 15 ನಿಮಿಷ ಮೊದಲು. ಕಿವಿ, ಕತ್ತಿನ ಹಿಂಭಾಗ, ಬೈತಲೆ, ಪಾದದ ಮೇಲ್ಭಾಗ ಮರೆಯುವ ಜಾಗಗಳು. ಎರಡು ಗಂಟೆಗೊಮ್ಮೆ, ಬೆವರು ಒರೆಸಿದೊಡನೆ ಮತ್ತೆ ಹಚ್ಚಬೇಕು; ಬೆವರನ್ನು ಉಜ್ಜಬೇಡಿ, ಬಟ್ಟೆಯಿಂದ ಒತ್ತಿ ತೆಗೆಯಿರಿ. ಸತು ಮುಲಾಮನ್ನು ತೆಗೆಯಲು ಬರೀ ನೀರು ಸಾಲದು: ನಾಲ್ಕು ಹನಿ ಎಣ್ಣೆ ಸವರಿ ಒರೆಸಿ, ಆಮೇಲೆ ಕಡಲೆಹಿಟ್ಟು ಅಥವಾ ಸೋಪು.

ಬಟ್ಟೆಯ ಮುಂದೆ ಯಾವ ಲೇಪವೂ ಇಲ್ಲ. ದಟ್ಟ ನೇಯ್ಗೆಯ, ಗಾಢ ಬಣ್ಣದ ತೋಳು ತುಂಬ ಅಂಗಿ ಒಳ್ಳೆಯದು. ಬಿಳಿ ತೆಳು ಹತ್ತಿ ತಂಪೆನಿಸಿದರೂ ಸಾಕಷ್ಟು ಕಿರಣ ಒಳಬಿಡುತ್ತದೆ, ಒದ್ದೆಯಾದರೆ ಇನ್ನೂ ಹೆಚ್ಚು. ಕರಾವಳಿಯ ಅಡಿಕೆ ಹಾಳೆಯ ಮುಟ್ಟಾಳೆ ನೆತ್ತಿಗೆ ಭದ್ರ ಕೊಡೆ, ಆದರೆ ಅಂಚಿಲ್ಲದ್ದರಿಂದ ಕಿವಿ, ಕತ್ತು ಬರಿದೇ ಉಳಿಯುತ್ತವೆ. ಹೆಗಲ ಮೇಲಿನ ಬೈರಾಸನ್ನು (ಟವೆಲ್ಲನ್ನು) ಅದರಡಿ ಇಳಿಬಿಟ್ಟರೆ ಸಾಕು. ಆರು ತಿಂಗಳೊಳಗಿನ ಮಗುವಿಗೆ ಯಾವ ಸನ್‌ಸ್ಕ್ರೀನೂ ಬೇಡ, ನೆರಳು ಮತ್ತು ಬಟ್ಟೆಯಷ್ಟೇ.

ಬಿಸಿಲಿನಿಂದ ಬಂದ ಮೇಲೆ

ಗಿಡಮೂಲಿಕೆಗಳ ಪಾಳಿ ಈಗ. ಮುಖ ಉರಿಯುತ್ತಿದ್ದರೆ ಮೊದಲು ತಣ್ಣೀರಿನ ಬಟ್ಟೆ, 10ರಿಂದ 15 ನಿಮಿಷ; ಐಸ್ ಬೇಡ. 10 ಗ್ರಾಂ ಲಾವಂಚದ ಬೇರನ್ನು ತೊಳೆದು ಒಂದು ಲೀಟರ್ ಕುಡಿಯುವ ನೀರಿನಲ್ಲಿ ರಾತ್ರಿ ನೆನೆಹಾಕಿದ್ದರೆ ಬಟ್ಟೆಯನ್ನು ಅದರಲ್ಲೇ ಅದ್ದಬಹುದು. ಕಾವು ಇರುವಾಗ ತುಪ್ಪ, ಎಣ್ಣೆ, ಮುಲಾಮು ಬಳಿಯಬಾರದು, ಅದು ಕಾವನ್ನು ಒಳಗೇ ಹಿಡಿದಿಡುತ್ತದೆ.

ಲೋಳೆಸರದ ಎಲೆಯನ್ನು ಬುಡದಲ್ಲಿ ಕತ್ತರಿಸಿ ಹದಿನೈದು ನಿಮಿಷ ಓರೆಯಾಗಿ ನಿಲ್ಲಿಸಿ. ಹಳದಿ ಹಾಲು ಪೂರ್ತಿ ಇಳಿಯಬೇಕು. ತುರಿಕೆ, ಕೆಂಪಿಗೆ ಕಾರಣ ಬಹಳ ಸಲ ಆ ಹಾಲೇ, ತಿರುಳಲ್ಲ. ಸಿಪ್ಪೆ ತೆಗೆದು ತಿರುಳನ್ನು ತೊಳೆದು, ಅರೆದು, ಫ್ರಿಜ್‌ನಲ್ಲಿಟ್ಟರೆ ಎರಡು ಮೂರು ದಿನ ಬಳಸಬಹುದು.

ಕಂದಿದ ಬಣ್ಣ, ಕಲೆಗೆ ಜ್ಯೇಷ್ಠಮಧು. ಅದರ ಕಷಾಯ ಮಾಡಿ ಹಚ್ಚುವುದು ರೂಢಿ, ಆದರೆ ಗ್ಲಾಬ್ರಿಡಿನ್ ನೀರಿಗೆ ಬರುವುದೇ ಇಲ್ಲವೆನ್ನಬೇಕು, ಎಣ್ಣೆಗೆ ಇಳಿಯುತ್ತದೆ. 10 ಗ್ರಾಂ ಒಣ ಪುಡಿಯನ್ನು 100 ಮಿಲಿ ಎಳ್ಳೆಣ್ಣೆ ಅಥವಾ ಬಾದಾಮಿ ಎಣ್ಣೆಗೆ ಹಾಕಿ, ಬಿಸಿನೀರಿನ ಪಾತ್ರೆಯೊಳಗಿಟ್ಟು, ಬೆರಳು ಇಡಲಾಗದಷ್ಟು ಆದರೆ ಕುದಿಯದಷ್ಟು ಬಿಸಿಯಲ್ಲಿ ಎರಡು ಗಂಟೆ ಬಿಡಿ. ಬಟ್ಟೆಯಲ್ಲಿ ಸೋಸಿ, ಒಣ ಬಾಟಲಿಗೆ ತುಂಬಿ. ರಾತ್ರಿ ನಾಲ್ಕೈದು ಹನಿ ಸಾಕು. ಫಲ ಕಾಣಲು ಎರಡು ಮೂರು ತಿಂಗಳು ಹಿಡಿಯುತ್ತದೆ, ಹಗಲಿನ ರಕ್ಷಣೆ ತಪ್ಪಿಸಿದರೆ ಕಾಣುವುದೇ ಇಲ್ಲ.

ಬೊಬ್ಬೆ ಎದ್ದಿದ್ದರೆ ಒಡೆಯಬೇಡಿ, ಏನನ್ನೂ ಅರೆದು ಹಚ್ಚಬೇಡಿ. ಜೊತೆಗೆ ಜ್ವರ, ವಾಂತಿ, ತಲೆಸುತ್ತು ಇದ್ದರೆ ಅಂದೇ ವೈದ್ಯರ ಬಳಿ ಹೋಗಬೇಕು. ಡಾಕ್ಸಿಸೈಕ್ಲಿನ್‌ನಂಥ ಮಾತ್ರೆ ತೆಗೆದುಕೊಳ್ಳುತ್ತಿರುವವರಿಗೆ, ಲೂಪಸ್ ಎಂಬ ರೋಗನಿರೋಧಕ ವ್ಯವಸ್ಥೆಯ ಕಾಯಿಲೆ ಇರುವವರಿಗೆ ಸ್ವಲ್ಪ ಬಿಸಿಲೂ ಹೆಚ್ಚು ಹಾನಿ ಮಾಡುತ್ತದೆ. ಅವರು ಮನೆಯ ಮುಲಾಮಿನ ಪ್ರಯೋಗಕ್ಕೆ ಇಳಿಯುವುದೇ ಬೇಡ. ವಾರಗಟ್ಟಲೆ ಮಾಯದ ಹುಣ್ಣು, ಅಂಚು ಬದಲಾಗುವ ಅಥವಾ ರಕ್ತ ಒಸರುವ ಮಚ್ಚೆ ಕಂಡರೆ ಚರ್ಮವೈದ್ಯರಿಗೆ ತೋರಿಸಿ. ಅಂಗಾಲು, ಉಗುರಿನ ಅಡಿಯನ್ನೂ ನೋಡಿಕೊಳ್ಳಿ. ಕಂದು ಚರ್ಮದವರಲ್ಲಿ ಅಪಾಯದ ಮಚ್ಚೆಗಳು ಬಿಸಿಲು ಬೀಳದ ಆ ಜಾಗಗಳಲ್ಲೇ ಹೆಚ್ಚಾಗಿ ಕಾಣಿಸಿಕೊಳ್ಳುತ್ತವೆ.